ಪ್ರೇಕ್ಷಕನಿಗಿಟ್ಟ ಹೆಸರುಗಳು: ಅಮೆರಿಕದ ವೃತ್ತಿಕುಸ್ತಿಯ ಗುಟ್ಟುಮಾತು

ಒಂದು ಕಸುಬಿನವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಗುಟ್ಟುಮಾತು ಆ ಕಸುಬಿನ ಚರಿತ್ರೆಗೆ ಆಧಾರವಾಗಬಲ್ಲುದೇ? ಲಿಖಿತ ದಾಖಲೆಗಳು ವಿರಳವಾದೆಡೆ ಆಗಬಲ್ಲುದೆಂದೇ ನಾವು ಭಾವಿಸುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ವೃತ್ತಿಕುಸ್ತಿಯು ಇದಕ್ಕೆ ತಕ್ಕ ನಿದರ್ಶನ. ಸೋಲುಗೆಲುವುಗಳನ್ನು ಮೊದಲೇ ಗೊತ್ತುಮಾಡಿಕೊಂಡು, ನಿಜವಾದ ಸ್ಪರ್ಧೆಯೆಂಬಂತೆ ತೋರಿಸುವುದು ಈ ಕಸುಬಿನ ಮರ್ಮ. ಆ ಮರ್ಮವನ್ನು ಕಾಯುವ ಕಟ್ಟುಪಾಡಿಗೆ ‘ಕೇಫೇಬ್’ ಎಂದು ಹೆಸರು. ಬರೆದಿಡುವುದಕ್ಕಿಂತ ಮುಚ್ಚಿಡುವುದೇ ಹೆಚ್ಚಾಗಿದ್ದ ಇಂಥ ಕಡೆ, ಶಬ್ದಗಳೇ ನಮಗೆ ದಾರಿ ತೋರಬೇಕಾಗುತ್ತದೆ.

ಪ್ರೇಕ್ಷಕನನ್ನು ಕುರಿತ ಶಬ್ದಗಳಲ್ಲಿ ಹಳೆಯದು ‘ಮಾರ್ಕ್’. ಗುರುತು, ಗುರಿ ಎಂಬ ಅರ್ಥಗಳುಳ್ಳ ಈ ಪದವು 19ನೆಯ ಶತಮಾನದಲ್ಲಿಯೇ ವಂಚಕರ ಪರಿಭಾಷೆಯಲ್ಲಿ ಮೋಸಕ್ಕೆ ಗುರಿಯಾದವನಿಗೆ ಸಲ್ಲುತ್ತಿದ್ದಿತು. ಅಂಥವನ ಬೆನ್ನಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರೆಂಬ ಕಥೆಯೊಂದುಂಟು; ಅದನ್ನು ಐತಿಹ್ಯವೆಂದೆಣಿಸುವುದೇ ಲೇಸು. ಊರೂರು ಸುತ್ತುವ ಪ್ರದರ್ಶನ ಮಂಡಳಿಗಳಲ್ಲಿ, ಜಟ್ಟಿಯೆದುರು ಇಂತಿಷ್ಟು ನಿಮಿಷ ನಿಂತವನಿಗೆ ಬಹುಮಾನವೆಂದು ಸಾರುತ್ತಿದ್ದರು. ಹಾಗೆ ಮುಂದೆ ಬಂದವರಲ್ಲಿ ಕೆಲವರು ಮಂಡಳಿಯ ಆಳುಗಳೇ. ಅದನ್ನರಿಯದೆ ಪಣವೊಡ್ಡಿದ ಊರವನೇ ‘ಮಾರ್ಕ್’. ಅಯೋವಾದ ಕೌನ್ಸಿಲ್ ಬ್ಲಫ್ಸ್ ಪಟ್ಟಣದಲ್ಲಿ 1910ರಲ್ಲಿ ವಿಚಾರಣೆಗೆ ಗುರಿಯಾದ ಮೇಬ್ರೇ ತಂಡವು ಕುಸ್ತಿ, ಕುದುರೆಯೋಟಗಳನ್ನು ಕೃತಕವಾಗಿ ಏರ್ಪಡಿಸಿ ಧನಿಕರ ಹಣವನ್ನು ಸುಲಿಯುತ್ತಿದ್ದಿತು. ಆ ಕಾಲಕ್ಕೆ ‘ಮಾರ್ಕ್’ ಎಂಬುದು ರೂಪಕವಲ್ಲ, ವಾಸ್ತವ.

1920ರ ದಶಕದಲ್ಲಿ ಎಡ್ ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಕುಸ್ತಿಯನ್ನು ವೇಗವೂ ರೋಚಕತೆಯೂ ಉಳ್ಳ ಪ್ರದರ್ಶನವನ್ನಾಗಿ ಮಾರ್ಪಡಿಸಿದರು. ಆದಾಯದ ಮೂಲವು ಪಣದಿಂದ ಟಿಕೆಟ್ಟಿಗೆ ಬದಲಾಯಿತು. ಶಬ್ದ ಮಾತ್ರ ಬದಲಾಗಲಿಲ್ಲ. ಟಿಕೆಟ್ಟು ಕೊಂಡು ಆನಂದಿಸಿದವನೂ ‘ಮಾರ್ಕ್’ ಎನಿಸಿದನು. ಗುಟ್ಟು ತಿಳಿದವನು ‘ಸ್ಮಾರ್ಟ್’, ಎಂದರೆ ಜಾಣ.

ಪ್ರೇಕ್ಷಕನು ದಿಟವಾಗಿಯೂ ಮೋಸಹೋಗಿದ್ದನೇ? 1930ರ ದಶಕದಲ್ಲಿ ಜ್ಯಾಕ್ ಫೆಫರ್ ಎಂಬ ವ್ಯವಸ್ಥಾಪಕನು ಸಹೋದ್ಯೋಗಿಗಳ ಮೇಲಿನ ಮುನಿಸಿನಿಂದ ಕಸುಬಿನ ಗುಟ್ಟುಗಳನ್ನು ನ್ಯೂಯಾರ್ಕಿನ ‘ಡೈಲಿ ಮಿರರ್’ ಪತ್ರಿಕೆಗೆ ಬಯಲುಮಾಡಿದನು. ಆದರೂ ಕುಸ್ತಿ ಅಳಿಯಲಿಲ್ಲ. 1940ರ ದಶಕದ ಕೊನೆಯಲ್ಲಿ ದೂರದರ್ಶನದ ಮೂಲಕ ಅದು ಮನೆಮನೆಯನ್ನೂ ಹೊಕ್ಕಿತು. ಪಂದ್ಯ ಕೃತಕವೋ ಅಲ್ಲವೋ ಎಂಬ ಪ್ರಶ್ನೆಯೇ ಪ್ರೇಕ್ಷಕನಿಗೆ ಮುಖ್ಯವಲ್ಲವೆಂಬ ಅಭಿಪ್ರಾಯವನ್ನು ಫ್ರಾನ್ಸಿನ ರೋಲಾ ಬಾರ್ತ್ 1957ರಲ್ಲಿ ಪ್ರಕಟವಾದ ‘ಮಿಥಾಲಜೀಸ್’ ಗ್ರಂಥದಲ್ಲಿ ಮಂಡಿಸಿದ್ದಾನೆ. ಎಂದಮೇಲೆ ‘ಮಾರ್ಕ್’ ಎಂಬುದು ಪ್ರೇಕ್ಷಕನ ಯಥಾರ್ಥ ಚಿತ್ರವಲ್ಲ, ಮಾರುವವನು ಕೊಳ್ಳುವವನ ಮೇಲೆ ಹೊರಿಸಿದ ತಿರಸ್ಕಾರ ಎನ್ನಬೇಕಾಗುತ್ತದೆ.

1982ರಿಂದ ಡೇವ್ ಮೆಲ್ಟ್ಜರ್ ಹೊರಡಿಸಿದ ‘ರೆಸ್ಲಿಂಗ್ ಅಬ್ಸರ್ವರ್’ ಮೊದಲಾದ ಸುದ್ದಿಪತ್ರಗಳಿಂದ ಒಳಗಿನ ಸಂಗತಿಗಳು ಅಭಿಮಾನಿಗಳಿಗೂ ದೊರೆಯತೊಡಗಿದವು. 1989ರಲ್ಲಿ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಸರ್ಕಾರದ ನಿಯಂತ್ರಣ ತಪ್ಪಿಸಿಕೊಳ್ಳುವ ಸಲುವಾಗಿ, ತನ್ನದು ಮನರಂಜನೆಯೇ ಹೊರತು ಸ್ಪರ್ಧೆಯಲ್ಲವೆಂದು ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಒಪ್ಪಿಕೊಂಡಿತು. 1990ರ ದಶಕದಲ್ಲಿ ‘ಸ್ಮಾರ್ಟ್’, ‘ಮಾರ್ಕ್’ ಎರಡೂ ಬೆರೆತ ‘ಸ್ಮಾರ್ಕ್’ ಎಂಬ ಪದ ಬಳಕೆಗೆ ಬಂದಿತು. ಎಲ್ಲವನ್ನೂ ಬಲ್ಲೆನೆನ್ನುವ, ಆದರೂ ಟಿಕೆಟ್ಟು ಕೊಂಡು ಕೂಗಾಡುವ ಅಭಿಮಾನಿ ಈತ. ಹಂಗಿಸುವುದಕ್ಕೆ ಹುಟ್ಟಿದ ಈ ಮಾತನ್ನು ಹಲವರು ತಮಗೆ ತಾವೇ ಹಮ್ಮಿನಿಂದ ಇಟ್ಟುಕೊಂಡರು.

ನಾಟಕವೆಂದು ಬಲ್ಲವನೂ ರಸದಲ್ಲಿ ಮುಳುಗಬಲ್ಲನೆಂಬುದು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸ ಮಾತಲ್ಲ. ಅಂಥವನನ್ನು ಅದು ಸಹೃದಯನೆಂದು ಗೌರವಿಸಿತು. ಕುಸ್ತಿಯ ಕಸುಬು ಬೆಪ್ಪನೆಂದಿತು. ಭೇದವಿರುವುದು ನೋಡುವವನಲ್ಲಲ್ಲ, ಹೆಸರಿಡುವವನಲ್ಲಿ. ಅಧಿಕಾರಿಗಳ ಪತ್ರಗಳಲ್ಲಿ ‘ಅಜ್ಞಾನಿ ರೈತ’ ‘ಮೂಢ ಪ್ರಜೆ’ ಎಂಬ ಮಾತುಗಳನ್ನು ಕಂಡಾಗಲೂ, ಆ ಹೆಸರನ್ನಿಟ್ಟವರು ಯಾರು, ಅದರಿಂದ ಅವರಿಗೆ ಏನು ಲಾಭ ಎಂದು ವಿದ್ಯಾರ್ಥಿಗಳು ಮೊದಲು ಕೇಳಿಕೊಳ್ಳಬೇಕೆಂಬುದು ನಮ್ಮ ಆಶಯ.