ಕರಾವಳಿಯ ರೋಗಿ ಹಿಡಿದ ದಾರಿ
ರೋಗಿಯ ಟಿ-ಕೋಶಗಳನ್ನೇ ಪಳಗಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯ ಬೀಜ ಬಿದ್ದದ್ದು 1989ರ ಸುಮಾರಿಗೆ, ಇಸ್ರೇಲಿನ ಪ್ರಯೋಗಾಲಯದಲ್ಲಿ. ಅಮೆರಿಕ 2017ರಲ್ಲಿ ಅನುಮತಿ ಕೊಟ್ಟಿತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಬೆಳೆಸಿದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ನಮ್ಮಲ್ಲಿ ಅನುಮತಿ ಸಿಕ್ಕಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಇನ್ನೊಂದು ಕಾರ್-ಟಿ ಚಿಕಿತ್ಸೆ, ಕಾರ್ಟೆಮಿ, ಬಂತು. ಆದರೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಮಟ್ಟಿಗೆ ದೊಡ್ಡ ಕಾಯಿಲೆಯ ಚರಿತ್ರೆಯೆಂದರೆ ಮಣಿಪಾಲ, ಮಂಗಳೂರಿನ ದಾರಿಯ ಚರಿತ್ರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನ ಟ್ವಿಟರಿನಲ್ಲಿ ದನಿಯೆತ್ತಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ ಆ ಕೂಗು ಇನ್ನಷ್ಟು ಜೋರಾಯಿತು.

ಕೆಲವೇ ಬಗೆಯ ರಕ್ತದ ಕ್ಯಾನ್ಸರಿಗೆ ಸಲ್ಲುವ, ಲಕ್ಷಗಟ್ಟಲೆ ಬೇಡುವ ಚಿಕಿತ್ಸೆಗೂ ತಾಲ್ಲೂಕಿಗೂ ಏನು ಸಂಬಂಧ ಎಂದು ಕೇಳಬಹುದು. ಕೋಶಗಳಿಗೆ ಜೀನ್ ಸೇರಿಸುವ ಲ್ಯಾಬು ಕುಮಟಾದಲ್ಲಿ ಬೇಕಿಲ್ಲ, ನಿಜ. ಆದರೆ ಕೆಲಸದ ಕ್ರಮ ನೋಡಿ. ತೋಳಿನಿಂದ ಹರಿದುಬಂದ ರಕ್ತದಲ್ಲಿ ಯಂತ್ರವು ಬಿಳಿ ರಕ್ತಕಣಗಳನ್ನಷ್ಟೇ ಚೀಲಕ್ಕೆ ಇಳಿಸಿಕೊಂಡು ಉಳಿದದ್ದನ್ನು ಮೈಗೆ ಮರಳಿಸುತ್ತದೆ. ಅವುಗಳಲ್ಲಿನ ಟಿ-ಕೋಶಗಳು ಲ್ಯಾಬಿನಲ್ಲಿ ಪಳಗಿ ಮತ್ತೆ ಮೈಯೊಳಗೆ ಸೇರಿದ ಮೇಲೆ ತೀವ್ರ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು, ಹಾಗಾಗಿ ವಾರಗಟ್ಟಲೆ ಆಸ್ಪತ್ರೆಯ ಹತ್ತಿರವೇ ಇರಬೇಕು. ಅಂದರೆ ಪರವೂರಿನಲ್ಲಿ ಬಾಡಿಗೆ ಕೋಣೆ, ದುಡಿಮೆ ಬಿಟ್ಟು ಜತೆಗಿರುವ ಒಬ್ಬರು. ಆಮೇಲೂ ತಿಂಗಳುಗಟ್ಟಲೆ ಸೋಂಕಿನ ಭಯ, ಅದಕ್ಕಾಗಿ ನಿಗಾ. ರೋಗವನ್ನು ಬೇಗ ಹಿಡಿಯುವ ಮೊದಲ ರಕ್ತಪರೀಕ್ಷೆಯೂ ಈ ಕೊನೆಯ ನಿಗಾವೂ ಊರ ಹತ್ತಿರವೇ ಆಗಬಲ್ಲವು, ಆಗಲೇಬೇಕು.