‘ತೆಖೇಲೆತ್’ ಶಬ್ದದ ಅರ್ಥವಿಚಾರ

ಹೀಬ್ರೂ ಬೈಬಲಿನ ಅರಣ್ಯಕಾಂಡ ೧೫ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ತಮ್ಮ ಉಡುಪಿನ ಅಂಚಿನ ಗೊಂಡೆಗಳಲ್ಲಿ ‘ತೆಖೇಲೆತ್’ ನೂಲೊಂದನ್ನು ಸೇರಿಸತಕ್ಕದ್ದೆಂಬ ವಿಧಿಯುಂಟು. ಈ ಶಬ್ದವು ಯಾವ ಬಣ್ಣವನ್ನು ಹೇಳುತ್ತದೆಂಬ ವಿಷಯದಲ್ಲಿ ಭಾಷಾಂತರಕಾರರಲ್ಲಿ ಐಕಮತ್ಯವಿಲ್ಲ. ಗ್ರೀಕ್ ಭಾಷಾಂತರವು ಪುಷ್ಪವೊಂದಕ್ಕೂ ರತ್ನವೊಂದಕ್ಕೂ ಸಲ್ಲುವ ‘ಹ್ಯಾಕಿಂಥೋಸ್’ ಎಂಬ ಪದವನ್ನು ಹಿಡಿಯಿತು. ಲ್ಯಾಟಿನ್ ಅದನ್ನೇ ಅನುಸರಿಸಿತು. ೧೬೧೧ರ ಇಂಗ್ಲಿಷ್ ಬೈಬಲು ನೀಲವೆಂದಿತು. ಲೂಥರನಾದರೋ ಹಳದಿ ರೇಷ್ಮೆಯೆಂದು ಬರೆದನು!

ಹಳದಿಯೆಂಬ ಪಕ್ಷವು ನಿಲ್ಲತಕ್ಕದ್ದಲ್ಲ. ಪ್ರಾತಃಕಾಲದ ಪ್ರಾರ್ಥನೆಯ ಸಮಯವನ್ನು ನಿರ್ಣಯಿಸುವಲ್ಲಿ ಮಿಷ್ನಾ ಗ್ರಂಥವು ತೆಖೇಲೆತ್ತಿಗೂ ಬಿಳುಪಿಗೂ ಭೇದವು ತಿಳಿಯುವ ಹೊತ್ತನ್ನು ಹೇಳಿ, ಅಲ್ಲಿಯೇ ರಬ್ಬಿ ಎಲಿಯೇಜರನ ಮತವಾಗಿ, ತೆಖೇಲೆತ್ತಿಗೂ ಈರುಳ್ಳಿಯ ಜಾತಿಯದೊಂದು ಸೊಪ್ಪಿನ ಹಸುರಿಗೂ ಭೇದವು ತಿಳಿಯುವ ಹೊತ್ತನ್ನು ಹೇಳುತ್ತದೆ. ಮುಂಬೆಳಗಿನಲ್ಲಿ ಹಸುರೆಂದು ಭ್ರಮೆ ಹುಟ್ಟಿಸುವ, ಆದರೆ ಹಸುರಲ್ಲದ ಗಾಢವರ್ಣವೆಂಬುದು ಇದರಿಂದ ಸಿದ್ಧವಾಗುತ್ತದೆ. ತಾಲ್ಮೂದಿನಲ್ಲಿ ರಬ್ಬಿ ಮೇಯಿರನು ಇದನ್ನು ಸಮುದ್ರಕ್ಕೂ, ಸಮುದ್ರವನ್ನು ಆಕಾಶಕ್ಕೂ ಹೋಲಿಸಿರುವನು. ರಾಷಿಯು ಇದನ್ನು ಹಸುರೆಂದರೂ ಮೈಮೊನಿಡೀಸನು ಆಕಾಶವರ್ಣವೆಂದೇ ಹೇಳುತ್ತಾನೆ.

ಆದರೆ ನಿಜವಾದ ತೊಡಕು ಇಲ್ಲಿಂದ ಮುಂದಕ್ಕೆ. ತೆಖೇಲೆತ್ ಎಂಬುದು ಕೇವಲ ಗುಣವಾಚಕವಲ್ಲ. ‘ಹಿಲಾಜೋನ್’ ಎಂಬ ಜಲಚರದ ರಸದಲ್ಲಿ ಅದ್ದಿದ ಉಣ್ಣೆಯ ಹೆಸರು. ಗಿಡದಿಂದ ತೆಗೆದ ‘ಕಲಾ ಇಲಾನ್’ ಎಂಬ ಅಗ್ಗದ ಬಣ್ಣವನ್ನು ತೆಖೇಲೆತ್ತೆಂದು ನಂಬಿಸುವವನನ್ನು ತಾಲ್ಮೂದು ಘೋರವಾಗಿ ನಿಂದಿಸುತ್ತದೆ. ಈ ಕಲಾ ಇಲಾನ್ ಎಂಬುದು ನಮ್ಮ ನೀಲಿಯೇ ಎಂದು ವಿದ್ವಾಂಸರು ಗುರುತಿಸಿರುವರು.

ಈಗ ನಮ್ಮ ವೈಯಾಕರಣರ ಕಡೆಗೆ ನೋಡಬೇಕು. ಪಾಣಿನಿಯು ನಾಲ್ಕನೆಯ ಅಧ್ಯಾಯದ ಎರಡನೆಯ ಪಾದದ ಆದಿಯಲ್ಲಿ, ಇಂಥ ರಾಗದ್ರವ್ಯದಿಂದ ಬಣ್ಣವೇರಿದುದು ಎಂಬರ್ಥದಲ್ಲಿ ತದ್ಧಿತವನ್ನು ವಿಧಿಸುವನು. ಕಾಷಾಯ, ಮಾಂಜಿಷ್ಠಗಳು ಹೀಗೆ ಬಂದವು. ನೀಲೀ ಗಿಡದಿಂದ ಬಣ್ಣವೇರಿದ ಬಟ್ಟೆಯೇ ‘ನೀಲ’ವೆಂದು ವಾರ್ತಿಕವು ಸಾಧಿಸಿಕೊಡುತ್ತದೆ. ಅಮರಸಿಂಹನು ನೀಲವನ್ನು ಕೃಷ್ಣಶಬ್ದದ ಪರ್ಯಾಯಗಳಲ್ಲಿ ಪಠಿಸಿರುವುದು ಬೇರೆಯೇ ಕಥೆ. ಹೀಗಿರಲು, ‘ನೀಲಿಯ ನೂಲು’ ಎಂದು ಕನ್ನಡಿಸಿದರೆ ಶಾಸ್ತ್ರವು ಯಾವುದನ್ನು ಕಪಟವೆಂದು ನಿಷೇಧಿಸಿತೋ ಅದನ್ನೇ ವಿಧಿಸಿದಂತಾಗುತ್ತದೆ.

ಹಿಲಾಜೋನ್ ಯಾವುದೆಂಬ ಚರ್ಚೆಯೂ ದೀರ್ಘವಾದುದು. ೧೯೧೩ರಲ್ಲಿ ಐಸಾಕ್ ಹೆರ್ಜೋಗನು ತನ್ನ ಪ್ರೌಢಪ್ರಬಂಧದಲ್ಲಿ ಇದನ್ನು ವಿಮರ್ಶಿಸಿದನು. ಮ್ಯೂರೆಕ್ಸ್ ಟ್ರಂಕುಲಸ್ ಎಂಬ ಸಮುದ್ರದ ಶಂಬೂಕವೇ ಅದೆಂಬ ಪಕ್ಷಕ್ಕೆ, ರಸವು ಧೂಮ್ರವಾಗುವುದಲ್ಲದೆ ನೀಲವಾಗದೆಂಬ ಆಕ್ಷೇಪವಿದ್ದಿತು. ೧೯೮೦ರ ದಶಕದಲ್ಲಿ ಒಟ್ಟೋ ಎಲ್ಸ್ನರನು, ಕರಗಿಸಿದ ರಸವನ್ನು ಬಿಸಿಲಿಗೊಡ್ಡಿದರೆ ನೀಲವು ಬರುವುದೆಂದು ತೋರಿಸಿ ಅದನ್ನು ಪರಿಹರಿಸಿದನು. ವಿಚಿತ್ರವೆಂದರೆ, ಹಾಗೆ ಬಂದ ನೀಲವು ರಸಾಯನದೃಷ್ಟಿಯಿಂದ ಗಿಡದ ನೀಲಿಯೇ! ಭೇದವಿರುವುದು ವರ್ಣದಲ್ಲಲ್ಲ, ಯೋನಿಯಲ್ಲಿ.

ಆದಕಾರಣ, ಎಸ್ತೇರಳ ಕಥೆಯಲ್ಲಿ ಬರುವ ರಾಜವಸ್ತ್ರದಂಥ ಸ್ಥಳಗಳಲ್ಲಿ ‘ನೀಲ’ವೆಂದರೆ ಬಾಧಕವಿಲ್ಲ; ಅರಣ್ಯಕಾಂಡದ ವಿಧಿವಾಕ್ಯದಲ್ಲಿ ಮಾತ್ರ ‘ಶಂಬೂಕರಾಗದ ನೂಲು’ ಎಂದೇ ಇಡುವುದು ಯುಕ್ತವಾಗಿದೆ.