ಪ್ರಳಯದ ಬುಧವಾರ ಮತ್ತು ಕೋಲಾರದ ಗಣಿ

2008ರ ಸೆಪ್ಟೆಂಬರ್ 10, ಬುಧವಾರ. ಜಿನೀವಾ ಹತ್ತಿರ ನೆಲದಡಿ ಕಟ್ಟಿದ ಎಲ್‌ಎಚ್‌ಸಿ ಯಂತ್ರದಲ್ಲಿ ಅವತ್ತು ಮೊದಲ ಸಲ ಪ್ರೋಟಾನ್‌ಗಳನ್ನು ಪೂರ್ತಿ ಒಂದು ಸುತ್ತು ಓಡಿಸಿದರು. ಸುತ್ತಳತೆ 27 ಕಿ.ಮೀ. ನಮ್ಮ ಗದಗ-ಬೆಟಗೇರಿಗೆ ಒಂದು ದೊಡ್ಡ ಬಳೆ ತೊಡಿಸಿದಂತೆ ಅಂದುಕೊಳ್ಳಿ. ಅದಕ್ಕೂ ಮುಂಚಿನ ದಿನಗಳಲ್ಲಿ ಟಿವಿ ಹಚ್ಚಿದರೆ ಒಂದೇ ಮಾತು... ಬುಧವಾರ ಪ್ರಳಯ! "ಆ ಮಷಿನ್ಯಾಗ ಕಪ್ಪು ಕುಳಿ ಹುಟ್ತೈತಂತ, ಭೂಮಿನ್ನ ನುಂಗ್ತೈತಂತ" ಅಂತ ನಮ್ಮ ಓಣಿಯ ಕಟ್ಟೆ ಮೇಲೂ ಚರ್ಚೆ. ನಾನಾಗ ಪ್ರೈಮರಿ ಸ್ಕೂಲು. ಪ್ರಳಯ ಆದರೆ ಹೋಂವರ್ಕ್ ತಪ್ಪುತ್ತೆ ಅನ್ನೋದಷ್ಟೇ ನನ್ನ ಲೆಕ್ಕ :-)

ಆದರೆ ಇದು ಬರೀ ನಗೋ ವಿಷಯ ಅಲ್ಲ. ಆ ವಾರ ಮಧ್ಯಪ್ರದೇಶದಲ್ಲಿ ಹದಿಹರೆಯದ ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಳು. ಟಿವಿಯಲ್ಲಿ ಪ್ರಳಯದ ಸುದ್ದಿ ನೋಡಿ ಹೆದರಿದ್ದಳು ಅಂತ ಅವಳ ತಂದೆ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಯಂತ್ರದೊಳಗೆ ಅವತ್ತು ಡಿಕ್ಕಿಯೇ ನಡೆದಿರಲಿಲ್ಲ, ಕಣಗಳನ್ನು ಸುಮ್ಮನೆ ಸುತ್ತಿಸಿದ್ದರು ಅಷ್ಟೆ. ದೊಡ್ಡ ಶಕ್ತಿಯ ಡಿಕ್ಕಿಗಳು ಶುರುವಾಗಿದ್ದು 2010ರ ಮಾರ್ಚ್ 30ರಂದು.

ಈ ಹೆದರಿಕೆ ನಮ್ಮ ಚಾನೆಲ್‌ಗಳು ಹುಟ್ಟಿಸಿದ್ದಲ್ಲ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಯಂತ್ರದ ಬಗ್ಗೆ 1999ರಲ್ಲೇ ಇದೇ ಪ್ರಶ್ನೆ ಎದ್ದಿತ್ತು. 2008ರ ಮಾರ್ಚ್‌ನಲ್ಲಿ ವಾಲ್ಟರ್ ವ್ಯಾಗ್ನರ್ ಮತ್ತು ಲೂಯಿಸ್ ಸ್ಯಾಂಚೊ ಅನ್ನುವವರು ಎಲ್‌ಎಚ್‌ಸಿ ನಿಲ್ಲಿಸಿ ಅಂತ ಹವಾಯಿಯ ಕೋರ್ಟಿಗೇ ಹೋದರು. ಸೆಪ್ಟೆಂಬರ್‌ನಲ್ಲಿ ಕೇಸು ವಜಾ ಆಯಿತು. ಕೋರ್ಟು ವಜಾ ಮಾಡಿದ ಮಾತ್ರಕ್ಕೆ ಭೌತಶಾಸ್ತ್ರದ ಪ್ರಶ್ನೆ ಮುಗಿಯಲ್ಲ ಅನ್ನಿ. ಅದಕ್ಕೆ ಉತ್ತರ ಸಿಗೋದು ಆಕಾಶದಲ್ಲಿ. ಆ ಆಕಾಶವನ್ನು ನಮ್ಮವರು ನೋಡಿದ್ದು ಕೆಜಿಎಫ್‌ನ ಪಾತಾಳದಿಂದ (ಸಿನಿಮಾ ಅಲ್ರೀ, ನಿಜವಾದ ಕೆಜಿಎಫ್!).

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ಗಾಳಿಗೆ ಡಿಕ್ಕಿ ಹೊಡೆದು ಹೊಸ ಕಣಗಳ ಮಳೆ ಸುರಿಸುತ್ತಲೇ ಇರುತ್ತವೆ. ಈಗ ನೀವು ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಅದನ್ನು ತೂರಿಕೊಂಡು ಹೋಗುತ್ತೆ. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಈ ಮ್ಯೂಆನ್‌ಗಳು ಎಷ್ಟು ಆಳಕ್ಕೆ ಇಳಿಯುತ್ತವೆ ನೋಡಿ ಬಾ ಅಂತ ಟಿಐಎಫ್‌ಆರ್‌ನಿಂದ ಕೋಲಾರಕ್ಕೆ ಕಳಿಸಿದ್ದು ಬಿ.ವಿ. ಶ್ರೀಕಂಠನ್ ಅವರನ್ನ. ಅವರು ನಮ್ಮ ನಂಜನಗೂಡು ಕಡೆಯವರು. 1960ರ ದಶಕದ ಆರಂಭದಲ್ಲಿ ಇನ್ನೂ ಕೆಳಗಿಳಿದರು. ಎರಡೂವರೆ ಕಿ.ಮೀ.ಗಿಂತ ಆಳದಲ್ಲಿ ಸುಮಾರು ಎರಡು ತಿಂಗಳು ಉಪಕರಣ ಇಟ್ಟು ಕಾದರೂ ಒಂದೇ ಒಂದು ಮ್ಯೂಆನ್ ಸಿಗಲಿಲ್ಲ. ನನಗೆ ಭಾರಿ ಇಷ್ಟವಾದ ರಿಸಲ್ಟ್ ಇದು. ಏನೂ ಸಿಗದೇ ಇದ್ದದ್ದೇ ಲಾಭ! ಅಷ್ಟು ಸದ್ದಿಲ್ಲದ ಜಾಗ ಅಂದರೆ ನ್ಯೂಟ್ರಿನೋ ಹಿಡಿಯೋಕೆ ಹೇಳಿ ಮಾಡಿಸಿದ್ದು. ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಸೇರಿ 2.3 ಕಿ.ಮೀ. ಆಳದಲ್ಲಿ 1965ರಲ್ಲಿ ಅದನ್ನೂ ಹಿಡಿದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಜಗತ್ತಿಗೆ ಸಿಕ್ಕಿದ್ದು ಆ ವರ್ಷ, ಕೋಲಾರದಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಎಲ್‌ಎಚ್‌ಸಿಯಲ್ಲಿ ಎದುರುಬದುರು ಬರುವ ಎರಡು ಪ್ರೋಟಾನ್‌ಗಳ ಒಟ್ಟು ಶಕ್ತಿ, ಯಂತ್ರದ ವಿನ್ಯಾಸದ ಪ್ರಕಾರ, 14 ಟಿಇವಿ. ಆಕಾಶದ ಕಣ ಬಂದು ಹೊಡೆಯೋದು ನಿಂತಿರುವ ಕಣಕ್ಕೆ, ಹಾಗಾಗಿ ಅದಕ್ಕೆ ಅಷ್ಟೇ ಜೋರಿನ ಡಿಕ್ಕಿ ಆಗಬೇಕಾದರೆ ಸುಮಾರು ಒಂದು ಲಕ್ಷ ಟಿಇವಿ ಬೇಕು. ಬಸ್ಸಿಗೆ ಬಸ್ಸು ಎದುರಿಂದ ಗುದ್ದೋದಕ್ಕೂ ನಿಂತ ಬಸ್ಸಿಗೆ ಗುದ್ದೋದಕ್ಕೂ ಇರುವ ಫರಕು, ಆದರೆ ಈ ವೇಗದಲ್ಲಿ ಅದು ಬಹಳ ದೊಡ್ಡದು. ಅಂಥ ಕಣಗಳು ಬರುತ್ತವಾ? ಬರುತ್ತವೆ. 1991ರ ಅಕ್ಟೋಬರ್‌ನಲ್ಲಿ ಅಮೆರಿಕದ ಯೂಟಾದಲ್ಲಿ ದಾಖಲಾದ ಒಂದು ಕಣದ ಶಕ್ತಿ ಸುಮಾರು 30 ಕೋಟಿ ಟಿಇವಿ! ಸರ್ನ್‌ನ 2008ರ ಸುರಕ್ಷತಾ ವರದಿ ಪ್ರಕಾರ, ಭೂಮಿ ಹುಟ್ಟಿದಾಗಿನಿಂದ ಪ್ರಕೃತಿ ಎಲ್‌ಎಚ್‌ಸಿಯ ಪೂರ್ತಿ ಕಾರ್ಯಕ್ರಮವನ್ನು ಸುಮಾರು ಒಂದು ಲಕ್ಷ ಸಲ ಮಾಡಿ ಮುಗಿಸಿದೆ.

ಇದಕ್ಕೊಂದು ಜಾಣ ತಕರಾರಿತ್ತು. ಆಕಾಶದ ಡಿಕ್ಕಿಯಲ್ಲಿ ಕಪ್ಪು ಕುಳಿ ಹುಟ್ಟಿದರೂ ಅದು ಆ ವೇಗದಲ್ಲಿ ಭೂಮಿ ದಾಟಿ ಹೋಗಿಬಿಡುತ್ತೆ, ಯಂತ್ರದಲ್ಲಿ ಹುಟ್ಟಿದ್ದು ಇಲ್ಲೇ ಉಳಿದರೆ? ಗಿಡಿಂಗ್ಸ್ ಮತ್ತು ಮಂಗಾನೊ 2008ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಶ್ವೇತಕುಬ್ಜ, ನ್ಯೂಟ್ರಾನ್ ನಕ್ಷತ್ರಗಳು ಎಷ್ಟು ಒತ್ತಾಗಿವೆ ಅಂದರೆ ಆ ವೇಗದ ಕುಳಿಯೂ ಅಲ್ಲೇ ಸಿಕ್ಕಿಕೊಳ್ಳಬೇಕು. ಅಪಾಯ ಇದ್ದಿದ್ದರೆ ಆ ನಕ್ಷತ್ರಗಳು ಇಷ್ಟು ಕಾಲ ಉಳಿಯುತ್ತಿರಲಿಲ್ಲ.

ತಮಾಷೆ ನೋಡಿ, ಇದಕ್ಕಿಂತ ದೊಡ್ಡ ಪ್ರಳಯವನ್ನು ಕೋಲಾರದಲ್ಲಿ ಆಗಲೇ ಹುಡುಕಿದ್ದರು. ಪ್ರೋಟಾನೇ ಒಂದು ದಿನ ಒಡೆಯುತ್ತಾ, ಅಂದರೆ ನಾನು, ನೀವು, ಕಪ್ಪತಗುಡ್ಡ ಎಲ್ಲಾ ತಾನಾಗೇ ಕರಗುತ್ತಾ ಅಂತ. 1980ರಿಂದ ಅದೇ ಗಣಿಯ ಆಳದಲ್ಲಿ 140 ಟನ್ ಭಾರದ ಉಪಕರಣ ಇದಕ್ಕಾಗಿ ಕಾಯುತ್ತಿತ್ತು. ಒಂದೆರಡು ಅನುಮಾನದ ಗುರುತು ಸಿಕ್ಕವು, ಆದರೆ ಬೇರೆಡೆಯ ದೊಡ್ಡ ಉಪಕರಣಗಳಲ್ಲಿ ಖಾತ್ರಿ ಆಗಲಿಲ್ಲ. ಪ್ರೋಟಾನ್ ಇನ್ನೂ ಗಟ್ಟಿಯಾಗಿದೆ.

ಅಪಾಯವೇ ಇರಲಿಲ್ಲ ಅಂತಲ್ಲ. ಪ್ರಳಯದ ಬುಧವಾರ ಕಳೆದು ಒಂಬತ್ತೇ ದಿನಕ್ಕೆ ಎಲ್‌ಎಚ್‌ಸಿಯ ಒಂದು ವಿದ್ಯುತ್ ಜೋಡಣೆ ಕೈಕೊಟ್ಟು, ಸುಮಾರು ಆರು ಟನ್ ಹೀಲಿಯಂ ಸೋರಿ, ಯಂತ್ರ ವರ್ಷಕ್ಕೂ ಹೆಚ್ಚು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಕೋಲಾರದಲ್ಲಂತೂ ನ್ಯೂಟ್ರಿನೋ ಯಾರಿಗೂ ಏನೂ ಮಾಡಲಿಲ್ಲ, ಆದರೆ ಆ ಆಳದ ಬಂಡೆ ಒತ್ತಡಕ್ಕೆ ಇದ್ದಕ್ಕಿದ್ದಂತೆ ಸಿಡಿದು ಎಷ್ಟೋ ಕಾರ್ಮಿಕರನ್ನು ಕೊಂದಿದೆ. ವಿಜ್ಞಾನಿಗಳು ಇಳಿದಿದ್ದು ಅವರು ಕೊರೆದ ದಾರಿಯಲ್ಲೇ.

ನಮ್ಮ ಕಡೆಯೂ ಚಿನ್ನ ಇದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿರುವ ಕಪ್ಪತಗುಡ್ಡದ ಸುತ್ತ ಬ್ರಿಟಿಷರ ಕಾಲದಲ್ಲೇ ಅಗೆದು ಬಿಟ್ಟುಹೋಗಿದ್ದರು. ಮತ್ತೆ ಗಣಿಯ ಮಾತು ಬಂದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಜನ ಬೀದಿಗಿಳಿದರು, 2019ರಲ್ಲಿ ಗುಡ್ಡ ವನ್ಯಜೀವಿಧಾಮ ಆಯಿತು. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿದೆ, ಮೇಲೆ ಊರಿನ ಪಕ್ಕ ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ.